ಅಬ್ಬಿಯ ಬಂಡೆ ಮತ್ತು ಬಸವನಹುಳು: ಪಶ್ಚಿಮಘಟ್ಟದ ಒಂದು ವಿರಳ ಜೀವಿಯ ನೆಲೆ ಹಾಗೂ ಮಲೆನಾಡಿನ ಜಲಜ್ಞಾನ

ಬೆನ್ನ ಮೇಲೆ ಚಿಪ್ಪು ಹೊತ್ತು ತೆವಳುವ ಜೀವಿಗಳಿಗೆಲ್ಲ ಕನ್ನಡದ ಜನಬಳಕೆಯಲ್ಲಿ ಸಾಮಾನ್ಯವಾಗಿ ಬಸವನಹುಳು ಎಂಬ ಒಂದೇ ಹೆಸರಿದೆ. ತಲೆಯಿಂದ ಕೊಂಬಿನಂತೆ ಚಾಚುವ ಎಳೆಗಳು ಮತ್ತು ಎತ್ತಿನಂಥ ನಿಧಾನವಾದ ನಡೆ ಈ ಹೆಸರಿನ ಹಿಂದಿವೆ. ತುಳುವಿನಲ್ಲಿ ಇದು ನರ್ತೆ. ಗ್ರಂಥಸ್ಥ ಭಾಷೆಯಲ್ಲಿ ಶಂಬೂಕ. ಹೆಸರು ಒಂದಾದರೂ ಜೀವಿಗಳು ಒಂದೇ ಬಗೆಯವಲ್ಲ. ಮಳೆಗಾಲದಲ್ಲಿ ಬೇಲಿಯ ಮೇಲೆ ಕಾಣಿಸಿಕೊಳ್ಳುವುದು ಬೇರೆ, ಗದ್ದೆಯ ಕೆಸರಿನಲ್ಲಿರುವುದು ಬೇರೆ, ಕೆರೆಯ ಅಂಚಿನದು ಬೇರೆ. ಇವುಗಳ ನಡುವೆ ಜನರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಗುಂಪಿದೆ. ಅದು ಘಟ್ಟದ ಅಬ್ಬಿಗಳ ಪಕ್ಕದ ತೇವದ ಬಂಡೆಯನ್ನು ಕಚ್ಚಿಕೊಂಡು ಬದುಕುವ, ಪ್ರಪಂಚದ ಬೇರಾವ ಭಾಗದಲ್ಲೂ ಇಲ್ಲದ, ವಿಜ್ಞಾನಿಗಳು ಕ್ರೆಮ್ನೊಕಾಂಕಸ್ ಎಂದು ಕರೆಯುವ ಸಣ್ಣ ಬಸವನಹುಳುಗಳ ಗುಂಪು.

ಈ ಜೀವಿಗೆ ಬದುಕಲು ಏನೇನು ಬೇಕು, ಆ ಅಗತ್ಯಗಳು ಯಾವ ಕಾರಣಗಳಿಂದ ಈಡೇರದೆ ಹೋಗುತ್ತಿವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಪ್ರಾಣಿಶಾಸ್ತ್ರದ ವಿಷಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಹುಳುವಿನ ನೆಲೆಯನ್ನು ಗುರುತಿಸಲು ಬೇಕಾದಷ್ಟು ಸೂಕ್ಷ್ಮವಾದ ಜಲವಿಂಗಡಣೆ ಸರಕಾರಿ ದಾಖಲೆಗಳಿಗಿಂತ ಮಲೆನಾಡಿನ ಜನರ ಮಾತಿನಲ್ಲಿ ಹೆಚ್ಚಾಗಿದೆ. ಆ ಮಾತು ಮರೆಯಾಗುತ್ತಿರುವುದಕ್ಕೂ ಆ ನೆಲೆ ಕಣ್ಮರೆಯಾಗುತ್ತಿರುವುದಕ್ಕೂ ಸಂಬಂಧವಿದೆ. ಹಾಗಾಗಿ ಜಾನಪದದ ಅಧ್ಯಯನಕ್ಕೂ ಇದು ಸಲ್ಲುವ ವಿಷಯವಾಗುತ್ತದೆ.

1. ಜೀವಿಯ ಪರಿಚಯ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿದ್ದ ವಿಲಿಯಂ ಥಾಮಸ್ ಬ್ಲಾನ್‌ಫರ್ಡ್ 1869ರಲ್ಲಿ ಈ ಕುಲಕ್ಕೆ ಕ್ರೆಮ್ನೊಕಾಂಕಸ್ ಎಂಬ ಹೆಸರನ್ನು ಕೊಟ್ಟನು. ಗ್ರೀಕ್ ಮೂಲದ ಈ ಪದಕ್ಕೆ 'ಕಡಿಬಂಡೆಯ ಚಿಪ್ಪು' ಎಂಬ ಅರ್ಥ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಾಖಲಾದ ಮೂರು ಪ್ರಭೇದಗಳೂ ಇಂದಿನ ಮಹಾರಾಷ್ಟ್ರದ ಘಟ್ಟಗಳಿಗೆ ಸೇರಿದವು. ಅವುಗಳಲ್ಲಿ ಒಂದಾದ ಸೈಹಾಡ್ರೆನ್ಸಿಸ್ ಎಂಬ ಪ್ರಭೇದದ ಹೆಸರಿನಲ್ಲಿಯೇ ಸಹ್ಯಾದ್ರಿ ಇದೆ.

ಈ ಕುಲ ಸೇರಿರುವ ಲಿಟೊರಿನಿಡೆ ಎಂಬ ಕುಟುಂಬವು ಮುಖ್ಯವಾಗಿ ಕಡಲಿನದು. ಉಬ್ಬರವಿಳಿತದ ಗಡಿಯಲ್ಲಿರುವ ಬಂಡೆಗಳ ಮೇಲೆ, ಅಲೆಯ ಸಿಡಿತ ಬೀಳುವಲ್ಲಿ ಅದರ ಸದಸ್ಯರು ವಾಸಿಸುತ್ತವೆ. ಇಡೀ ಕುಟುಂಬದಲ್ಲಿ ಸಿಹಿನೀರಿಗೆ ಒಗ್ಗಿ ಬೆಟ್ಟದ ಮೇಲೆ ನೆಲೆಸಿರುವುದು ಕ್ರೆಮ್ನೊಕಾಂಕಸ್ ಒಂದೇ. ಕಡಲಬಂಡೆಯ ಬದುಕಿಗೂ ಅಬ್ಬಿಯ ಬಂಡೆಯ ಬದುಕಿಗೂ ಸಾಮ್ಯವಿದೆ. ಎರಡೂ ಕಡೆ ನೀರು ಬಡಿಯುತ್ತದೆ, ಸಿಡಿಯುತ್ತದೆ, ಹಿಂದೆ ಸರಿಯುತ್ತದೆ. ಎರಡೂ ಕಡೆ ಜೀವಿಯು ಬಂಡೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇರಬೇಕು.

2013ರಲ್ಲಿ ಲಂಡನ್ನಿನ ಡೇವಿಡ್ ರೀಡ್, ಬೆಂಗಳೂರಿನ ಎನ್.ಎ. ಅರವಿಂದ್ ಹಾಗೂ ಉಡುಪಿಯ ಎನ್.ಎ. ಮಧ್ಯಸ್ಥ ಅವರು ಲಿನಿಯನ್ ಸೊಸೈಟಿಯ ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಈ ಚಿತ್ರವನ್ನು ಬದಲಾಯಿಸಿತು. ಹಳೆಯ ಮೂರು ಪ್ರಭೇದಗಳನ್ನು ಮರುಪರಿಶೀಲಿಸಿದ ಈ ವಿದ್ವಾಂಸರು, ಅಲ್ಲಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದ ಕರ್ನಾಟಕದ ಘಟ್ಟಗಳಿಂದ ಆರು ಹೊಸ ಪ್ರಭೇದಗಳನ್ನು ವರ್ಣಿಸಿದರು. ಅವುಗಳಲ್ಲೊಂದು ಆಗುಂಬೆಯ ಹೆಸರನ್ನೂ ಇನ್ನೊಂದು ಹನುಮಂತನ ಹೆಸರನ್ನೂ ಹೊತ್ತಿವೆ. ಸಮುದ್ರಮಟ್ಟದಿಂದ ಸುಮಾರು 300ರಿಂದ 1400 ಮೀಟರ್ ಎತ್ತರದ ನಡುವಿನ ತೊರೆ, ಅಬ್ಬಿಗಳೇ ಇವುಗಳ ನೆಲೆ. ಮಲೆನಾಡಿನ ಜನ ದಿನವೂ ದಾಟಿಹೋಗುವ ಬಂಡೆಗಳ ಮೇಲಿನ ಈ ಜೀವಿಗಳು ಲೋಕದ ಅರಿವಿಗೆ ಬಂದು ಇನ್ನೂ ಎರಡು ದಶಕಗಳಾಗಿಲ್ಲ ಎಂಬುದು ಗಮನಾರ್ಹ.

ಇದಕ್ಕೂ ಮೊದಲೇ, 2011ರಲ್ಲಿ, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಪಶ್ಚಿಮಘಟ್ಟದ ಸಿಹಿನೀರಿನ ಜೀವಿಗಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ ಸೈಹಾಡ್ರೆನ್ಸಿಸ್ ಪ್ರಭೇದವು ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿತ್ತು. ಕರ್ನಾಟಕದ ಆರು ಪ್ರಭೇದಗಳಿಗೆ ಆಗ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಯಾವ ಪಟ್ಟಿಗೂ ಸೇರಿಸಲಾಗದು. ಹೆಸರಿಗೂ ಉಳಿವಿಗೂ ಇರುವ ಈ ನಂಟು ಮುಂದಿನ ಚರ್ಚೆಗೂ ಮುಖ್ಯವಾದುದು.

2. ನೆಲೆಯ ಅಗತ್ಯಗಳು

ಮೊದಲನೆಯ ಅಗತ್ಯ ನೀರು. ಆದರೆ ಇಲ್ಲಿ ನೀರು ಎಂದರೆ ಆಳವಾದ ನೀರಲ್ಲ. ಕ್ರೆಮ್ನೊಕಾಂಕಸ್ ಕಿವಿರಿನಿಂದ ಉಸಿರಾಡುವ ಜೀವಿ. ಅದಕ್ಕೆ ಬೇಕಾದುದು ಬಂಡೆಯ ಮೇಲೆ ತೆಳುವಾಗಿ ಹರಿಯುವ, ಗಾಳಿಯೊಡನೆ ಬೆರೆತು ಆಮ್ಲಜನಕ ತುಂಬಿಕೊಂಡ ನೀರಿನ ಪದರ ಅಥವಾ ಅಬ್ಬಿಯ ತುಂತುರು. ಹೊಳೆಯ ನಡುಪಾತ್ರದ ರಭಸವೂ ಮಡುವಿನ ನಿಂತ ನೀರೂ ಇದಕ್ಕೆ ಸಲ್ಲವು. ಎರಡರ ನಡುವೆ, ಧಾರೆಯ ಅಂಚಿನಲ್ಲಿ ಬಂಡೆ ಸದಾ ಒದ್ದೆಯಾಗಿರುವ ಕಿರಿದಾದ ಪಟ್ಟಿಯೇ ಅದರ ಊರು.

ಇಲ್ಲಿ ಒಂದು ಸಾಮಾನ್ಯ ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಇಂಥಲ್ಲಿ ನೀರನ್ನು ಅವಲಂಬಿಸಿದ ಜೀವಿಗೆ ಕೊರತೆಯೆಲ್ಲಿಯದು ಎಂದು ಕೇಳಬಹುದು. ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬಂಡೆಯ ಹುಳುವಿನ ಅಳಿವು ಉಳಿವು ತೀರ್ಮಾನವಾಗುವುದು ಆಗಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲುಗಾಲದಲ್ಲಿ. ಚಿಪ್ಪಿನ ಬಾಯಿಯನ್ನು ಮುಚ್ಚಿಕೊಳ್ಳಲು ಈ ಜೀವಿಗೆ ಒಂದು ಮುಚ್ಚಳವಿದೆ. ಅದನ್ನು ಬಿಗಿದುಕೊಂಡು ಬಂಡೆಯ ಸೀಳಿನಲ್ಲಿ ಕೆಲಕಾಲ ಒಣಹವೆಯನ್ನು ತಾಳಿಕೊಳ್ಳಬಲ್ಲದು. ಆದರೆ ಮುಚ್ಚಳವು ತಾತ್ಕಾಲಿಕ ರಕ್ಷಣೆಯೇ ಹೊರತು ನೀರಿಗೆ ಬದಲಿಯಲ್ಲ. ಮಳೆಗಾಲದ ಪ್ರವಾಹಕ್ಕಿಂತ ಬೇಸಿಗೆಯ ಒಂದು ಹನಿ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಎರಡನೆಯ ಅಗತ್ಯ ಬಂಡೆ. ಇಡೀ ಬಂಡೆಯಾಗಿರಬೇಕು, ಸೀಳುಗಳಿರಬೇಕು, ಮಣ್ಣು ಹೂಳು ಮೆತ್ತಿರಬಾರದು. ಗರಗಸದಂಥ ಉದ್ದನೆಯ ನಾಲಗೆಯಿಂದ ಬಂಡೆಯ ಮೇಲಿನ ಪಾಚಿಯ ತೆಳುಪೊರೆಯನ್ನು ಕೆರೆದು ತಿನ್ನುವುದು ಈ ಕುಟುಂಬದ ರೀತಿ. ಮೇಲ್ಭಾಗದಲ್ಲಿ ಗುಡ್ಡ ಕಡಿದಾಗ ಹರಿದುಬರುವ ಕೆಮ್ಮಣ್ಣು ಈ ಪೊರೆಯನ್ನು ಮುಚ್ಚಿಬಿಟ್ಟರೆ ಹುಳುವಿಗೆ ಮೇವೂ ಇಲ್ಲ, ಹಿಡಿತವೂ ಇಲ್ಲ.

ಮೂರನೆಯದು ನೆರಳು ಮತ್ತು ತಂಪು. ತೆಳುವಾದ ನೀರಿನ ಪದರವು ನೇರ ಬಿಸಿಲಿಗೆ ಬೇಗನೆ ಬಿಸಿಯಾಗುತ್ತದೆ, ಬೇಗನೆ ಆರುತ್ತದೆ. ಅಬ್ಬಿಯ ಇಕ್ಕೆಲದ ಮರಗಳು ತುಂತುರಿನ ತೇವವನ್ನು ಹಿಡಿದಿಡುತ್ತವೆ; ಮೇಲಿನ ಕಾಡಿನ ನೆಲ ಮಳೆನೀರನ್ನು ಹೀರಿ ಬೇಸಿಗೆಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ಬಂಡೆಯ ಮೇಲಿನ ಜೀವಿಯ ಅಗತ್ಯದಲ್ಲಿ ಅದರ ನೆತ್ತಿಯ ಮೇಲಿನ ಕಾಡೂ ಸೇರಿದೆ.

ನಾಲ್ಕನೆಯದು ನೀರಿನ ಗುಣ. ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕು. ಮಳೆಯಿಂದ ತೊಳೆದುಹೋದ ಮಲೆನಾಡಿನ ನೆಲದ ನೀರು ಮೆದುನೀರು, ಅದರಲ್ಲಿ ಸುಣ್ಣ ಕಡಿಮೆ. ಇರುವ ಅಲ್ಪಾಂಶದಲ್ಲಿಯೇ ಬದುಕು ಸಾಗಬೇಕಾದ್ದರಿಂದ ನೀರಿಗೆ ಸೇರುವ ಯಾವುದೇ ಹೊರವಸ್ತುವಿನ ಪರಿಣಾಮ ಹೆಚ್ಚಾಗಿರುತ್ತದೆ.

ಈ ನಾಲ್ಕರ ಜೊತೆಗೆ ಇನ್ನೊಂದು ಮಿತಿಯೂ ಇದೆ. ಕಡಲಿನ ದಾಯಾದಿಗಳಲ್ಲಿ ಹೆಚ್ಚಿನವು ಅಲೆಯ ಮೇಲೆ ತೇಲುವ ಮರಿಗಳ ಮೂಲಕ ದೂರದ ದಡಗಳನ್ನು ಮುಟ್ಟುತ್ತವೆ. ಬೆಟ್ಟದ ನೀರು ಹರಿಯುವುದು ಕೆಳಮುಖವಾಗಿ ಮಾತ್ರ. ಒಂದು ಅಬ್ಬಿಯ ಹುಳು ದಿಬ್ಬ ದಾಟಿ ಪಕ್ಕದ ಕಣಿವೆಯ ಅಬ್ಬಿಗೆ ಹೋಗುವುದು ಬಹು ಕಷ್ಟ. ಅದರಿಂದ ಒಂದು ಅಬ್ಬಿ ಒಂದೇ ಬೇಸಿಗೆ ಪೂರ್ತಿ ಬತ್ತಿದರೂ ಅಲ್ಲಿ ಅಳಿದ ಸಂತತಿಯ ಜಾಗವನ್ನು ಮುಂದಿನ ಮಳೆಗಾಲ ತುಂಬಿಕೊಡಲಾರದು. ನೀರು ಮರಳಿ ಬರುತ್ತದೆ, ಹುಳು ಬರುವುದಿಲ್ಲ.

3. ನೀರಿಗೆ ಜನರಿಟ್ಟ ಹೆಸರುಗಳು

ಮೇಲೆ ಹೇಳಿದ ನೆಲೆಯನ್ನು ಸರಕಾರಿ ನಕ್ಷೆಯಲ್ಲಿ ಹುಡುಕಿದರೆ ಸಿಗುವುದು ಒಂದು ನೀಲಿ ಗೆರೆ. ಅನೇಕ ವೇಳೆ ಅದೂ ಇರುವುದಿಲ್ಲ. ಮಲೆನಾಡಿನ ಮಾತಿನಲ್ಲಿ ಹುಡುಕಿದರೆ ಬೇರೆಯ ಚಿತ್ರ ದೊರೆಯುತ್ತದೆ. ನೆಲದಿಂದ ಅಥವಾ ಬಂಡೆಯ ಸಂದಿನಿಂದ ಸದ್ದಿಲ್ಲದೆ ಜಿನುಗುವುದು ಒಸರು. ಅಗೆದಲ್ಲಿ ಉಕ್ಕುವುದು ಒರತೆ. ಬಂಡೆಯಿಂದ ಧುಮುಕುವುದು ಅಬ್ಬಿ. ಧುಮುಕಿದ ನೀರು ಕೊರೆದ ಆಳ ಗುಂಡಿ. ಸಣ್ಣ ಹರಿವು ತೊರೆ, ಅದಕ್ಕಿಂತ ದೊಡ್ಡದು ಹಳ್ಳ, ಮತ್ತೂ ದೊಡ್ಡದು ಹೊಳೆ. ಕಾಲಿಟ್ಟರೆ ಹೂತುಹೋಗುವ ನೆಲ ಜೌಗು. ಕಣಿವೆಯ ತಳದಲ್ಲಿ ನೀರು ಆರದೆ ಹುಲ್ಲು ಬೆಳೆದ ಪಾಳುಗದ್ದೆ ಹಡ್ಲು.

ಆಗುಂಬೆಯ ಸುತ್ತಲಿನ ಒನಕೆ ಅಬ್ಬಿ, ಜೋಗಿಗುಂಡಿ ಎಂಬ ಹೆಸರುಗಳು ಈ ವಿಂಗಡಣೆಯನ್ನು ಇಂದಿಗೂ ಉಳಿಸಿಕೊಂಡಿವೆ. ಮಡಿಕೇರಿಯ ಬಳಿಯ ಅಬ್ಬಿಯನ್ನು ಪ್ರವಾಸಿಗರು 'ಅಬ್ಬಿ ಫಾಲ್ಸ್' ಎನ್ನುವಾಗ ಒಂದೇ ಅರ್ಥದ ಮಾತು ಎರಡು ಸಲ ಬರುತ್ತದೆ. ಮೊದಲ ಪದದ ಅರ್ಥ ಮರೆತಾಗ ಎರಡನೆಯದು ಬೇಕಾಗುತ್ತದೆ.

ಈ ಹೆಸರುಗಳು ನೀರಿನ ಪ್ರಮಾಣವನ್ನಷ್ಟೇ ಹೇಳುವುದಿಲ್ಲ. ಅದು ಎಲ್ಲಿಂದ ಬರುತ್ತದೆ, ಹೇಗೆ ಚಲಿಸುತ್ತದೆ, ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನೂ ಹೇಳುತ್ತವೆ. ಕ್ರೆಮ್ನೊಕಾಂಕಸ್ ನೆಲೆಯನ್ನು ವಿವರಿಸಲು ಜೀವಶಾಸ್ತ್ರಜ್ಞನಿಗೆ ಒಂದು ವಾಕ್ಯವೇ ಬೇಕು. ಮಲೆನಾಡಿನ ರೈತನಿಗೆ 'ಬೇಸಿಗೆಗೂ ಒಸರು ಆರದ ಅಬ್ಬಿಯ ಪಕ್ಕೆ' ಎಂದರೆ ಸಾಕು; ಆತ ಜಾಗವನ್ನೇ ತೋರಿಸಬಲ್ಲನು. ಆತನಿಗೂ ಅದೇ ನೀರು ಬೇಕಾಗಿತ್ತು ಎಂಬುದೇ ಇದಕ್ಕೆ ಕಾರಣ. ಯಾವ ಒಸರು ಶಿವರಾತ್ರಿಗೆ ಬತ್ತುತ್ತದೆ, ಯಾವುದು ಯುಗಾದಿ ದಾಟಿ ಮಳೆಯವರೆಗೆ ನಿಲ್ಲುತ್ತದೆ ಎಂಬ ತಿಳಿವಿನ ಮೇಲೆ ಮನೆ ಕಟ್ಟುವ ಜಾಗ, ತೋಟದ ಜಾಗ ನಿರ್ಧಾರವಾಗುತ್ತಿದ್ದವು.

4. ದಂಬೆ ಮತ್ತು ಕೊಳವೆ

ಗುಡ್ಡದ ಮೇಲಿನ ನೀರನ್ನು ಇಳಿಜಾರಿನ ಬಲದಿಂದಲೇ ಮನೆಯ ಅಂಗಳಕ್ಕೆ ತರುವ ಪದ್ಧತಿ ಮಲೆನಾಡಿನಲ್ಲಿ ಹಳೆಯದು. ಹೀಗೆ ಬಂದ ನೀರಿಗೆ ಅಬ್ಬಿನೀರು ಎಂದು ಹೆಸರು. ಅಡಕೆಮರವನ್ನು ಸೀಳಿ ಒಳತಿರುಳನ್ನು ತೆಗೆದು ಮಾಡಿದ ದಂಬೆಗಳನ್ನು ಒಂದರ ತುದಿಗೊಂದು ಜೋಡಿಸಿ, ಕವಲುಗೋಲುಗಳ ಮೇಲೆ ನಿಲ್ಲಿಸಿ ನೀರನ್ನು ಹರಿಸಲಾಗುತ್ತಿತ್ತು. ದಂಬೆಯು ತೆರೆದ ಕಾಲುವೆ. ಮೂಲದಲ್ಲಿ ಅದರ ಬಾಯಿಗೆ ಹಿಡಿದಷ್ಟು ನೀರು ಮಾತ್ರ ಅದರೊಳಗೆ ಬರುತ್ತದೆ. ಮಿಕ್ಕದ್ದು ಬಂಡೆಯ ಮೇಲೆಯೇ ಹರಿಯುತ್ತದೆ. ಪ್ರತಿ ಜೋಡಣೆಯಲ್ಲಿಯೂ ಸ್ವಲ್ಪ ಸೋರುತ್ತದೆ. ಅಂಗಳದ ಕಲ್ಲುಮರಿಗೆ ತುಂಬಿದ ಮೇಲೆ ಹೆಚ್ಚಾದ ನೀರು ತೋಟಕ್ಕೆ, ಅಲ್ಲಿಂದ ಮತ್ತೆ ಹಳ್ಳಕ್ಕೆ ಸೇರುತ್ತದೆ.

ಪ್ಲಾಸ್ಟಿಕ್ ಕೊಳವೆ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಒಸರಿನ ಬಾಯಿಗೇ ಸಿಮೆಂಟಿನ ಗುಂಡಿ ಕಟ್ಟಿ, ಅದರ ತಳದಿಂದ ಕೊಳವೆ ತೆಗೆದರೆ ಬೇಸಿಗೆಯ ಹರಿವಿನ ಕೊನೆಯ ಹನಿಯೂ ಅದರೊಳಗೆ ಹೋಗುತ್ತದೆ. ಸೋರಿಕೆಯಿಲ್ಲ, ಶ್ರಮವಿಲ್ಲ, ದೂರದ ಮಿತಿಯಿಲ್ಲ. ಮನೆಯವರ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಸುಧಾರಣೆ. ನೀರು ಹೊರುವ ಹೆಂಗಸರ ಶ್ರಮವನ್ನು ಬಲ್ಲವರಾರೂ ಇದನ್ನು ಹಳಿಯಲಾರರು. ಆದರೆ ಬಂಡೆಯ ದೃಷ್ಟಿಯಿಂದ ನೋಡಿದರೆ, ದಂಬೆಯು ನೀರನ್ನು ಹಂಚಿಕೊಳ್ಳುತ್ತಿತ್ತು, ಕೊಳವೆಯು ಪೂರ್ತಿಯಾಗಿ ಒಯ್ಯುತ್ತದೆ. ಮೂಲದಲ್ಲಿ ಒಂದು ಗೇಣು ಎತ್ತರದಲ್ಲಿ ಕೊಳವೆಯ ಬಾಯಿಯನ್ನು ಕೂರಿಸಿ, ಅದರ ಕೆಳಗೆ ಸಣ್ಣ ತೂತೊಂದನ್ನು ಬಂಡೆಗೆಂದು ಬಿಟ್ಟರೆ ಬಹುಮಟ್ಟಿಗೆ ಎರಡೂ ಉಳಿಯುತ್ತವೆ. ಇಂಥ ಸಣ್ಣ ಏರ್ಪಾಡು ಯಾವ ಯೋಜನೆಯಲ್ಲಿಯೂ ಸುಲಭವಾಗಿ ಕಾಣದಿರುವುದಕ್ಕೆ ಬೇಸಿಗೆಯಲ್ಲಿ ಬಂಡೆಯ ಮೇಲೆ ಹರಿಯುವ ನೀರು 'ವ್ಯರ್ಥ' ಎಂಬ ಎಣಿಕೆಯೇ ಕಾರಣ. ತೊರೆಗಳ ಹರಿವನ್ನು ತಿರುಗಿಸುವ ಕಿರು ಜಲವಿದ್ಯುತ್ ಕಾಮಗಾರಿಗಳ ಹಿಂದೆಯೂ ಇದೇ ಎಣಿಕೆಯಿದೆ.

5. ಮೈಲುತುತ್ತದ ಪ್ರಶ್ನೆ

ಅಡಕೆಯ ಕೊಳೆರೋಗದ ಇತಿಹಾಸವೂ ಈ ವಿಷಯಕ್ಕೆ ತಳಕು ಹಾಕಿಕೊಂಡಿದೆ. ಮಳೆಗಾಲದಲ್ಲಿ ಗೊನೆಗಳನ್ನು ಕಾಪಾಡಲು ರೈತರು ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗದ ಅಧ್ಯಯನ ನಡೆಸಿ 1910ರಲ್ಲಿ ವರದಿ ಪ್ರಕಟಿಸಿದ ತರುವಾಯ ಬೋರ್ಡೋ ದ್ರಾವಣದ ಸಿಂಪಡಣೆ ಬಳಕೆಗೆ ಬಂದಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಅದರ ಪ್ರಸಿದ್ಧ ಪಾಕ. ಮಲೆನಾಡಿನ ಆರ್ಥಿಕ ಬದುಕನ್ನು ಉಳಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು.

ಆದರೆ ಮೈಲುತುತ್ತದಲ್ಲಿರುವ ತಾಮ್ರವು ಬಸವನಹುಳುಗಳಿಗೆ ಘೋರ ವಿಷ. ಆಫ್ರಿಕದಲ್ಲಿ ರೋಗ ಹರಡುವ ನೀರಿನ ಬಸವನಹುಳುಗಳನ್ನು ಕೊಲ್ಲಲು ದಶಕಗಳ ಕಾಲ ಬಳಸಿದ್ದು ಇದನ್ನೇ. ಮೆದುನೀರಿನಲ್ಲಿ ತಾಮ್ರದ ವಿಷಗುಣ ಇನ್ನೂ ಹೆಚ್ಚುತ್ತದೆ. ಮಲೆನಾಡಿನ ನೀರು ಅಂಥದೇ. ಸಿಂಪಡಣೆಯು ಮಳೆಯ ಆರಂಭದಲ್ಲಿ ಮತ್ತು ಮಳೆಯ ನಡುವೆ ನಡೆಯುವುದರಿಂದ ದ್ರಾವಣದ ಸ್ವಲ್ಪ ಭಾಗ ತೊಳೆದು ಹಳ್ಳ ಸೇರುವುದು ಅನಿವಾರ್ಯ. ತೋಟದ ಕೆಳಗಿನ ತೊರೆಗಳಲ್ಲಿ ಮಾತ್ರ ಈ ಅಪಾಯವಿದೆ, ತೋಟಗಳ ಮೇಲ್ಭಾಗದ ಅಬ್ಬಿಗಳಿಗೆ ಇಲ್ಲ. ಆದ್ದರಿಂದ ಸಮಸ್ಯೆಯ ವ್ಯಾಪ್ತಿಯನ್ನು ಹಿಗ್ಗಿಸಬೇಕಾಗಿಲ್ಲ. ದ್ರಾವಣ ಕದಡುವ ಪೀಪಾಯಿಯನ್ನು ಹಳ್ಳದ ದಡದಲ್ಲಿ ತೊಳೆಯದಿರುವುದು, ತೋಟಕ್ಕೂ ತೊರೆಗೂ ನಡುವೆ ಗಿಡಗಂಟಿಯ ಪಟ್ಟಿಯನ್ನು ಉಳಿಸುವುದು ಇವಿಷ್ಟರಿಂದಲೇ ಹಾನಿ ಬಹಳ ಮಟ್ಟಿಗೆ ತಗ್ಗುತ್ತದೆ.

6. ಸ್ಥಳಾಂತರ ಪರಿಹಾರವೇ? ಒಂದು ಹೊರನಾಡಿನ ನಿದರ್ಶನ

ಕಾಮಗಾರಿಗೆ ಅಡ್ಡಬಂದ ಜೀವಿಯನ್ನು ಬೇರೆಡೆಗೆ ಸಾಗಿಸಬಹುದಲ್ಲವೇ ಎಂಬ ವಾದ ಆಗಾಗ ಕೇಳಿಬರುತ್ತದೆ. ಇದಕ್ಕೆ ಇಂಗ್ಲೆಂಡಿನ ನ್ಯೂಬರಿ ಪಟ್ಟಣದ ಬಳಿ ನಡೆದ ಪ್ರಯೋಗ ಉತ್ತರವನ್ನು ಕೊಡುತ್ತದೆ. ಅಲ್ಲಿನ ಡೆಸ್ಮೂಲಿನ್ ಬಸವನಹುಳು ಮೂರು ಮಿಲಿಮೀಟರನ್ನೂ ಮುಟ್ಟದ ಜೀವಿ. ನೆಲಮಟ್ಟಕ್ಕೆ ಸಮನಾಗಿ ವರ್ಷವಿಡೀ ನೀರು ನಿಲ್ಲುವ ಜೌಗಿನಲ್ಲಿ, ಎತ್ತರವಾದ ಜೊಂಡುಹುಲ್ಲಿನ ಕಾಂಡಗಳ ಮೇಲೆ ಅದರ ವಾಸ. 1992ರ ಐರೋಪ್ಯ ನೆಲೆ ಸಂರಕ್ಷಣಾ ನಿರ್ದೇಶನದಲ್ಲಿ ಅದರ ಹೆಸರಿದೆ. 1996ರಲ್ಲಿ ಹೊರವರ್ತುಲ ರಸ್ತೆಯ ದಾರಿಯಲ್ಲಿಯೇ ಅದು ಕಂಡುಬಂದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು, ಕಾಮಗಾರಿ ನಿಲ್ಲಲಿಲ್ಲ. ಹುಳುಗಳಿದ್ದ ಜೌಗಿನ ಹುಲ್ಲುಹೆಂಟೆಗಳನ್ನೇ ಕಿತ್ತು ಹತ್ತಿರದಲ್ಲಿ ಸಿದ್ಧಪಡಿಸಿದ ಹೊಸ ಜಾಗಕ್ಕೆ ಸಾಗಿಸಲಾಯಿತು. 2006ರ ಹೊತ್ತಿಗೆ ಆ ಹೊಸ ಜಾಗದಲ್ಲಿ ಹುಳು ಉಳಿದಿಲ್ಲವೆಂದು ವರದಿಯಾಯಿತು.

ಹುಲ್ಲನ್ನೂ ಮಣ್ಣನ್ನೂ ಹುಳುವನ್ನೂ ಸಾಗಿಸಬಹುದು. ನೆಲದೊಳಗಿನ ನೀರಿನ ಮಟ್ಟವನ್ನು ಹೆಂಟೆಯೊಡನೆ ಸಾಗಿಸಲಾಗದು. ಜೌಗಿನ ವಿಷಯದಲ್ಲೇ ಹೀಗಾದರೆ ಕಿತ್ತೊಯ್ಯಲಾಗದ ಬಂಡೆ ಮತ್ತು ಒಸರಿನ ವಿಷಯದಲ್ಲಿ ಹೇಳಬೇಕಾದುದೇ ಇಲ್ಲ.

7. ರಕ್ಷಣೆಯ ಚೌಕಟ್ಟು: ಕಾಯಿದೆ ಮತ್ತು ಕಟ್ಟಳೆ

1971ರ ರಾಮ್ಸಾರ್ ಒಪ್ಪಂದದ ವ್ಯಾಖ್ಯೆಯಲ್ಲಿ ನಿಂತ ನೀರೂ ಹರಿವ ನೀರೂ ಸೇರಿವೆ. ಭಾರತದ 2017ರ ಜೌಗುಪ್ರದೇಶ ಸಂರಕ್ಷಣಾ ನಿಯಮಗಳು ನದಿಪಾತ್ರ, ಭತ್ತದ ಗದ್ದೆ ಮೊದಲಾದವನ್ನು ಹೊರಗಿಟ್ಟಿವೆ. ಕರ್ನಾಟಕದಲ್ಲಿ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದುದು ಸಂತಸದ ಸಂಗತಿ. ಇವು ವಿಸ್ತಾರವಾದ, ಹಕ್ಕಿಗಳಿಂದಲೋ ಮೀನಿನಿಂದಲೋ ಹೆಸರಾದ ನೆಲೆಗಳು. ಕೆಲವೇ ಮಾರು ಅಗಲದ ಒದ್ದೆ ಬಂಡೆಗೆ ಇಂಥ ಪಟ್ಟಿಯಲ್ಲಿ ಎಡೆ ಸಿಗುವುದು ಕಷ್ಟ. 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ರಕ್ಷಿತಾರಣ್ಯಗಳೊಳಗಿನ ಅಬ್ಬಿಗಳಿಗೆ ಕಾಡಿನ ರಕ್ಷಣೆಯಿದೆ. ಆದರೆ ಘಟ್ಟದ ರಸ್ತೆಯ ಬದಿಯ, ಪ್ರವಾಸಿಗರು ಸಾಬೂನು ಹಚ್ಚಿ ಮೀಯುವ ಅಬ್ಬಿಗಳಿಗೆ ಅದು ದೊರೆಯದು.

ಜನಪದ ಕಟ್ಟಳೆಗಳು ಬೇರೆ ಅಳತೆಯಲ್ಲಿ ಕೆಲಸ ಮಾಡುತ್ತಿದ್ದವು. ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿಯೇ ವರದಿ ಬರೆದಿದ್ದಾರೆ. ಮೆಣಸು, ಬಗನಿ ಮೊದಲಾದ ಉತ್ಪನ್ನಗಳಿಗಾಗಿ ಊರವರು ಉಳಿಸಿಕೊಂಡ ಈ ನಿತ್ಯಹಸಿರು ಕಾಡುಗಳು ನೀರಿನ ಮೂಲಗಳನ್ನೂ ಕಾಯುತ್ತಿದ್ದವು. ಚೌಡಿ, ಜಟಕ, ನಾಗ ಮುಂತಾದ ದೈವಗಳ ಬನಗಳು ಅನೇಕ ಕಡೆ ನೀರು ಹುಟ್ಟುವಲ್ಲಿಯೇ ಇವೆ. ಶೃಂಗೇರಿ, ಶಿಶಿಲಗಳಲ್ಲಿ ದೇವಾಲಯದ ಬಳಿಯ ಹೊಳೆಯ ಮೀನುಗಳನ್ನು ಹಿಡಿಯುವಂತಿಲ್ಲ.

ಆದರೆ ಇಲ್ಲಿ ಭಾವುಕತೆಗೆ ಎಡೆಗೊಡಬಾರದು. ಯಾವ ಕಟ್ಟಳೆಯೂ ಬಂಡೆಯ ಬಸವನಹುಳುವಿಗಾಗಿ ಹುಟ್ಟಿದ್ದಲ್ಲ. ಮೀನಿಗೆ ದೇವರ ಆಸರೆಯಿದೆ. ಬಸವನ ಹೆಸರನ್ನೇ ಹೊತ್ತ ಈ ಹುಳುವಿಗೆ ಅದೂ ಇಲ್ಲ. ನೀರಿನ ಮೂಲವನ್ನು ಕೆಡಿಸಬಾರದು, ಬನದ ಮರ ಕಡಿಯಬಾರದು ಎಂಬ ನಿಷೇಧದ ನೆರಳಿನಲ್ಲಿ ಅದಕ್ಕೂ ಜಾಗ ಸಿಕ್ಕಿತ್ತು ಎಂದಷ್ಟೇ ಹೇಳಬಹುದು. ಬನವು ಕಾಂಕ್ರೀಟ್ ಕಟ್ಟೆಯಾಗಿ, ಸುತ್ತಲಿನ ಮರಗಳು ಹೋಗಿ, ಪೂಜೆ ಮಾತ್ರ ಮುಂದುವರಿದಲ್ಲಿ ದೈವ ಉಳಿದರೂ ಒಸರು ಉಳಿಯುವುದಿಲ್ಲ.

8. ಉಪಸಂಹಾರ

ಒಟ್ಟಿನಲ್ಲಿ ಈ ಜೀವಿಯ ಅಗತ್ಯಗಳು ದೊಡ್ಡವಲ್ಲ: ಬೇಸಿಗೆಗೂ ಆರದ ತೇವ, ಹೂಳಿಲ್ಲದ ಬಂಡೆ, ಮೇಲೊಂದಿಷ್ಟು ಕಾಡು, ವಿಷವಿಲ್ಲದ ನೀರು. ಆದರೆ ಇವು ನಾಲ್ಕೂ ಒಂದೇ ಜಾಗದಲ್ಲಿ, ಒಂದು ವರ್ಷವೂ ತಪ್ಪದೆ ಒದಗಬೇಕು. ಆದ್ದರಿಂದ ರಕ್ಷಣೆಯ ಘಟಕವು ಇಲ್ಲಿ ಜಿಲ್ಲೆಯಲ್ಲ, ಅರಣ್ಯವಲಯವಲ್ಲ, ಒಂದೊಂದು ಅಬ್ಬಿ.

ಅಬ್ಬಿಗಳನ್ನು ಒಂದೊಂದಾಗಿ ಕಾಯಬೇಕಾದರೆ ಅವುಗಳನ್ನು ಒಂದೊಂದಾಗಿ ಬಲ್ಲವರು ಬೇಕು. ಜೀವವೈವಿಧ್ಯ ಕಾಯಿದೆಯಂತೆ ಗ್ರಾಮಮಟ್ಟದಲ್ಲಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಗಳಲ್ಲಿ ಊರಿನ ಒಸರು, ಒರತೆ, ಅಬ್ಬಿ, ಹಡ್ಲುಗಳನ್ನು ಅವುಗಳ ಸ್ಥಳೀಯ ಹೆಸರಿನೊಡನೆ, ಯಾವ ತಿಂಗಳವರೆಗೆ ನೀರು ನಿಲ್ಲುತ್ತಿತ್ತು, ಈಗ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಹಿರಿಯರ ನೆನಪಿನೊಡನೆ ಬರೆದಿಡುವುದು ಸಾಧ್ಯ. ಇದು ಜಾನಪದ ಕ್ಷೇತ್ರಕಾರ್ಯದ ತರಬೇತಿ ಪಡೆದವರು ಸುಲಭವಾಗಿ ಮಾಡಬಹುದಾದ ಕೆಲಸ. ಜೀವಶಾಸ್ತ್ರಜ್ಞರು ಬಂಡೆಯ ಮೇಲೆ ಹುಳುವನ್ನು ಎಣಿಸಬಲ್ಲರು. ಆ ಬಂಡೆ ನಲವತ್ತು ವರ್ಷಗಳ ಹಿಂದೆ ಚೈತ್ರದಲ್ಲಿ ಒದ್ದೆಯಾಗಿತ್ತೇ ಎಂಬುದನ್ನು ಊರಿನ ಮುದುಕಿಯೊಬ್ಬಳು ಮಾತ್ರ ಹೇಳಬಲ್ಲಳು. ಆಕೆಯ ಮಾತನ್ನು ಬರೆದುಕೊಳ್ಳಲು ಉಳಿದಿರುವ ಕಾಲವೂ ಬೇಸಿಗೆಯ ಒಸರಿನಂತೆ ತೆಳುವಾಗುತ್ತಿದೆ.